ಟ್ಯಾಂಕಿನ ಗೋಪುರದಲ್ಲಿ ಒಬ್ಬನೇ ಯಾಕಿದ್ದ?

ಯಾರ ಹತ್ತಿರ ಟ್ಯಾಂಕು ಜಾಸ್ತಿಯೋ ಗೆಲುವು ಅವರದ್ದು. ಟಿವಿ ಚರ್ಚೆಗಳಲ್ಲಿ ಇವತ್ತಿಗೂ ಇದೇ ಲೆಕ್ಕ. ಅದು ನಿಜವಾಗಿದ್ದರೆ ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಫ್ರಾನ್ಸ್ ಜರ್ಮನಿಯೆದುರು ಆರೇ ವಾರಕ್ಕೆ ಮಣ್ಣುಮುಕ್ಕಬಾರದಿತ್ತು. ಜರ್ಮನಿಗಿಂತ ಜಾಸ್ತಿ ಟ್ಯಾಂಕುಗಳಿದ್ದದ್ದು ಫ್ರಾನ್ಸ್ ಹತ್ತಿರವೇ!

ಅವೂ ಸುಮ್ನೆ ತಗಡಿನ ಡಬ್ಬಗಳಲ್ಲ. ಶಾರ್ ಬಿ-1 ಬಿಸ್ ಟ್ಯಾಂಕಿನ ಉಕ್ಕಿನ ಕವಚ 60 ಮಿಲಿಮೀಟರ್ ದಪ್ಪ. ಮೇ 16ರಂದು ಸ್ಟೋನ್ ಎಂಬ ಹಳ್ಳಿಯಲ್ಲಿ ಅಂಥ ಒಂದು ಟ್ಯಾಂಕು ಸುಮಾರು 140 ಏಟು ತಿಂದೂ ತೂತಾಗದೆ ವಾಪಸ್ ಬಂತು.

ಆದರೆ ಅದರ ಗೋಪುರದೊಳಗೆ, ಅಂದರೆ ಮೇಲೆ ಫಿರಂಗಿ ಹೊತ್ತು ತಿರುಗುವ ಭಾಗದೊಳಗೆ, ಒಮ್ಮೆ ಇಣುಕಿ. ಅಲ್ಲಿ ಒಬ್ಬನೇ ಇದ್ದಾನೆ, ಕಮಾಂಡರ್. ಶತ್ರುವನ್ನು ಹುಡುಕಬೇಕು, ಫಿರಂಗಿಗೆ ಗುಂಡು ತುಂಬಬೇಕು, ಗುರಿಯಿಡಬೇಕು, ಹಾರಿಸಬೇಕು, ಜೊತೆಗೆ ಯಾವ ಕಡೆ ಹೋಗಬೇಕೆಂದು ಡ್ರೈವರ್‌ಗೆ ಹೇಳಬೇಕು. ಕ್ರಿಕೆಟ್ ಕ್ಯಾಪ್ಟನ್ನೇ ಬೌಲಿಂಗ್ ಮಾಡಿ, ಓಡಿಹೋಗಿ ಕೀಪಿಂಗೂ ಮಾಡಿದ ಹಾಗೆ. ಜರ್ಮನಿಯ ಪಾಂಜರ್-3ರ ಗೋಪುರದಲ್ಲಿ ಮೂವರು. ಒಬ್ಬ ತುಂಬುತ್ತಾನೆ, ಒಬ್ಬ ಹೊಡೆಯುತ್ತಾನೆ. ಕಮಾಂಡರ್‌ಗೆ ನೋಡುವುದು, ಯೋಚಿಸುವುದು, ರೇಡಿಯೋದಲ್ಲಿ ಮಾತಾಡುವುದು, ಅಷ್ಟೇ ಕೆಲಸ.

ಫ್ರೆಂಚ್ ಎಂಜಿನಿಯರ್‌ಗಳನ್ನು ಬೈಯಬೇಡಿ. ಅವರ ಸೇನೆಯ ಯುದ್ಧನೀತಿಯಲ್ಲಿ ಟ್ಯಾಂಕು ಇದ್ದದ್ದು ಮುಖ್ಯವಾಗಿ ಕಾಲಾಳುಗಳಿಗೆ ಆಸರೆಯಾಗಿ ಅವರ ಜೊತೆ ನಿಧಾನಕ್ಕೆ ಸಾಗಲು. ಮೊದಲು ಫಿರಂಗಿ ದಾಳಿ, ಆಮೇಲೆ ಒಂದಿಷ್ಟು ದೂರ, ನಿಲ್ಲು, ಮುಂದಿನ ಆದೇಶಕ್ಕೆ ಕಾಯಿ. ಹೀಗಾದರೆ ಒಬ್ಬನಿಗೂ ಪುರುಸೊತ್ತು ಸಿಗುತ್ತದೆ, ಅಲ್ವಾ?

ಆ ನೀತಿಯಾದರೂ ಎಲ್ಲಿಂದ ಬಂತು? ಅದರಲ್ಲಿ ಸಂಸತ್ತಿನ ಪಾಲೂ ಇದೆ. ವೃತ್ತಿಪರ ಸೇನೆ ಗಣರಾಜ್ಯದ ಮೇಲೇ ತಿರುಗಿಬಿದ್ದರೆ ಎಂಬ ಭಯ ಎಡಪಕ್ಷಗಳಿಗಿತ್ತು. 1928ರಲ್ಲಿ ಕಡ್ಡಾಯ ಸೇವೆ ಒಂದೇ ವರ್ಷಕ್ಕಿಳಿಯಿತು. ಅಷ್ಟರಲ್ಲಿ ಕಲಿತ ಹುಡುಗರ ಕೈಗೆ ನಿರ್ಧಾರ ಕೊಡಲು ಜನರಲ್‌ಗಳಿಗೆ ಧೈರ್ಯವಿರಲಿಲ್ಲ. ಎಲ್ಲವೂ ಮೇಲಿನಿಂದಲೇ ಬರಬೇಕು. ಜರ್ಮನಿಯಲ್ಲಿ ಇದರ ತಿರುವುಮುರುವು. ಮೊದಲ ಮಹಾಯುದ್ಧದಲ್ಲಿ ಸೋತಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದ ಅದರ ಸೇನೆಯನ್ನು 1,00,000 ಜನಕ್ಕೆ ಕಟ್ಟಿಹಾಕಿತ್ತು, ಸಿಪಾಯಿಗೆ 12 ವರ್ಷದ ಸೇವೆ. ಪ್ರತಿಯೊಬ್ಬನಿಗೂ ತನ್ನ ಮೇಲಿನವನ ಕೆಲಸ ಕಲಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಏನು ಸಾಧಿಸಬೇಕೆಂದು ಹೇಳಿದರೆ ಸಾಕು, ಹೇಗೆ ಎಂಬುದು ಅವನಿಗೇ ಬಿಟ್ಟದ್ದು.

ಫ್ರೆಂಚ್ ಸೇನಾಪತಿ ಗಾಮೆಲಿನ್ ಕೂತಿದ್ದ ವ್ಯಾನ್ಸೆನ್ ಕೋಟೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಮೇ 13ರಂದು ಸೆಡಾನ್ ಬಳಿ ನದಿ ದಾಟಿದ ಜರ್ಮನ್ನರು 20ಕ್ಕೆ ಕಡಲ ತೀರದಲ್ಲಿದ್ದರು.

ಗೆದ್ದಮೇಲೆ ಅವರು ಸೊಮುವಾ ಎಂಬ ಫ್ರೆಂಚ್ ಟ್ಯಾಂಕುಗಳನ್ನು ತಮ್ಮ ಸೇನೆಗೆ ಸೇರಿಸಿಕೊಂಡರು. ಹಲವಕ್ಕೆ ಗೋಪುರದ ತಲೆ ಕತ್ತರಿಸಿ, ಕಮಾಂಡರ್ ಹೊರಗೆ ತಲೆಹಾಕಿ ನೋಡಲು ಬಾಗಿಲಿಟ್ಟರು. ರೇಡಿಯೋನೂ ಕೂರಿಸಿದರು.