ಸರ್ವರ್ ಡೌನ್ ಇದ್ದಾಗ ನಿಮ್ಮ ಪಾಯಿಂಟ್‌ಗಳ ಲೆಕ್ಕ

ಗ್ರಾಹಕರ ಆಯೋಗದಲ್ಲಿ ವಕಾಲತ್ತು ವಹಿಸುವ ನನ್ನ ಬಳಿಗೆ ಲಾಯಲ್ಟಿ ಕಾರ್ಡಿನ ಪಾಯಿಂಟ್‌ಗಳ, ಅಂದರೆ ಕೊಂಡ ಸಾಮಾನಿಗೆ ಅಂಗಡಿ ಕೂಡಿಸಿಡುವ, ಮುಂದಿನ ಖರೀದಿಗೆ ಬಳಸಬಹುದಾದ ಅಂಕಗಳ, ವಿಷಯ ಹಿಡಿದು ಬರುವವರು, ಬಹುಮಟ್ಟಿಗೆ ಎಲ್ಲರೂ, ಸಂಕೋಚದಿಂದಲೇ ಮಾತು ತೆಗೆಯುತ್ತಾರೆ. ‘ಎರಡು ತಿಂಗಳಿಂದ ಸರ್ವರ್ ಡೌನ್ ಅಂತಿದ್ದಾರೆ ಸರ್, ಹೇಗೂ ಬಿಟ್ಟಿ ಬಂದ ಪಾಯಿಂಟ್ಸು, ಅದಕ್ಕೇ ಸುಮ್ಮನಿದ್ದೆ’ ಎನ್ನುತ್ತಾರೆ. ಅಷ್ಟರಲ್ಲಿ ಪಾಯಿಂಟ್‌ಗಳ ಅವಧಿ ಮುಗಿದಿರುತ್ತದೆ. ಬಿಲ್ಲಿಂಗ್ ಕೌಂಟರಿನ ಹುಡುಗಿಯ ಮೇಲೆ ನಾಲ್ಕು ಸಲ ಕೂಗಾಡಿರುತ್ತಾರೆಯೇ ಹೊರತು ಕಂಪನಿಗೆ ಒಂದು ಸಾಲನ್ನೂ ಬರೆದಿರುವುದಿಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ, ಏಕೆಂದರೆ ಪಾಯಿಂಟ್‌ಗಳು ಬಿಟ್ಟಿಯಲ್ಲ, ಅವುಗಳ ಬೆಲೆಯನ್ನು ನೀವು ಆಗಲೇ ಕೊಟ್ಟಿದ್ದೀರಿ.

ಇದು ನನ್ನ ಅಭಿಪ್ರಾಯವಲ್ಲ, ಕಂಪನಿಗಳ ಲೆಕ್ಕದ ಪುಸ್ತಕವೇ ಹೇಳುವ ಮಾತು. ನಮ್ಮಲ್ಲಿ ದೊಡ್ಡ ಕಂಪನಿಗಳು 2018ರ ಏಪ್ರಿಲ್ 1ರಿಂದ ‘ಇಂಡ್ ಎಎಸ್ 115’ ಎಂಬ ಲೆಕ್ಕಪತ್ರ ಮಾನದಂಡವನ್ನು ಪಾಲಿಸುತ್ತಿವೆ. ನೀವು 10,000 ರೂಪಾಯಿಯ ಸಾಮಾನು ಕೊಂಡಿರಿ, ಅದಕ್ಕೆ 200 ರೂಪಾಯಿ ಬೆಲೆಯ ಪಾಯಿಂಟ್‌ಗಳು ಬಂದವು ಎಂದುಕೊಳ್ಳೋಣ. ಆ ಹತ್ತು ಸಾವಿರವನ್ನು ಪೂರ್ತಿಯಾಗಿ ಅಂದಿನ ಆದಾಯವೆಂದು ಕಂಪನಿ ಬರೆದುಕೊಳ್ಳುವಂತಿಲ್ಲ. ಸಾಮಾನಿಗೂ ಪಾಯಿಂಟ್‌ಗಳಿಗೂ 10,000ಕ್ಕೆ 200ರ ಪ್ರಮಾಣದಲ್ಲಿ ಅದನ್ನು ಹಂಚಿ, ಸುಮಾರು 196 ರೂಪಾಯಿಯನ್ನು ‘ಗ್ರಾಹಕನಿಗೆ ಇನ್ನೂ ಸಲ್ಲಬೇಕಾದದ್ದು’ ಎಂದು ಹೊಣೆಗಾರಿಕೆಯ ಕಡೆಗೆ ಇಡಬೇಕು. ಎಲ್ಲರೂ ಪಾಯಿಂಟ್ ಬಳಸುವುದಿಲ್ಲ ಎಂಬ ಅಂದಾಜನ್ನು ಸೇರಿಸಿದರೆ ಈ ಮೊತ್ತ ತುಸು ಇಳಿಯುತ್ತದೆ, ಆದರೆ ತತ್ವ ಬದಲಾಗುವುದಿಲ್ಲ. ನೀವು ಪಾಯಿಂಟ್ ಬಳಸಿದ ದಿನ, ಇಲ್ಲವೇ ಅದು ರದ್ದಾದ ಮೇಲೆ, ಆ ಹಣ ಆದಾಯವಾಗುತ್ತದೆ. ಹಾಗಾದರೆ ಸರ್ವರ್ ಕೆಟ್ಟು ಕೂತಿರುವಾಗಲೇ ನಿಮ್ಮ ಪಾಯಿಂಟ್‌ಗಳ ಅವಧಿ ಮುಗಿದುಹೋದರೆ ಏನಾಯಿತು? ನಿಮಗೆ ಬರಬೇಕಿದ್ದ ಸಾಮಾನು ಬರಲಿಲ್ಲ, ಕಂಪನಿಯ ತಲೆಯ ಮೇಲಿದ್ದ ಬಾಕಿ ಮಾತ್ರ ಇಳಿಯಿತು. ಬಿಟ್ಟಿ ಬಂದದ್ದೆಂದು ನೀವು ಸುಮ್ಮನಿದ್ದ ಎರಡು ತಿಂಗಳ ಫಲ ಇದು.

ಯಂತ್ರದ ಕಡೆಯಿಂದ ತಿಳಿದಿರಬೇಕಾದದ್ದು ಹೆಚ್ಚಿಲ್ಲ. ಅನೇಕ ಅಂಗಡಿಗಳಲ್ಲಿ ಬಿಲ್ ಹಾಕುವ ವ್ಯವಸ್ಥೆ ಬೇರೆ, ಪಾಯಿಂಟ್‌ಗಳನ್ನು ಇಡುವ ಸರ್ವರ್ ಬೇರೆ. ಎಷ್ಟೋ ಸಲ ಅದನ್ನು ನೋಡಿಕೊಳ್ಳುವ ಸಂಸ್ಥೆಯೂ ಬೇರೆ. ಆದ್ದರಿಂದಲೇ ಪಾಯಿಂಟ್ ನಿಂತಿದ್ದರೂ ಬಿಲ್ ಬರುತ್ತಿರುತ್ತದೆ. ನಡುವಿನ ಕೊಂಡಿ ಮತ್ತೆ ಕೂಡಿದಾಗ ಹಳೆಯ ಬಿಲ್‌ಗಳ ಪಾಯಿಂಟ್‌ಗಳನ್ನು ಸೇರಿಸಬಹುದು, ಆದರೆ ಆ ಬಿಲ್ಲಿನಲ್ಲಿ ನಿಮ್ಮ ಮೊಬೈಲ್ ನಂಬರ್ ನಮೂದಾಗಿದ್ದರೆ ಮಾತ್ರ. ‘ಸರ್ವರ್ ಡೌನ್ ಇದೆ, ನಂಬರ್ ಬೇಡ ಬಿಡಿ ಮೇಡಂ’ ಎಂದು ಕೌಂಟರಿನಲ್ಲಿ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದೇ ಸಮಯಕ್ಕೆ, ಆ ಹುಡುಗಿಯನ್ನು ಬಯ್ಯಲೂ ಬೇಡಿ. ದಿನವಿಡೀ ನಿಂತೇ ಕೆಲಸ ಮಾಡುವ ಆಕೆಯ ಎದುರಿಗಿರುವುದು ಒಂದು ಪರದೆ ಮಾತ್ರ, ನಿಮ್ಮ ಲೆಕ್ಕವನ್ನು ಸರಿಪಡಿಸುವ ಅಧಿಕಾರ ಆಕೆಗಿಲ್ಲ.

ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರ ನೆನಪಾಗುತ್ತದೆ. ಮನೆಯ ದಿನಸಿಯನ್ನೆಲ್ಲ ಒಂದೇ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡು, ದೀಪಾವಳಿಗೆಂದು ಪಾಯಿಂಟ್ ಕೂಡಿಸುತ್ತಿದ್ದವರು. ವ್ಯವಸ್ಥೆ ಕೆಟ್ಟು ಹನ್ನೊಂದು ವಾರವಾಗಿತ್ತು, ಮಧ್ಯದಲ್ಲಿ ಅವಧಿ ಮುಗಿದಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದ ಬಿಲ್‌ಗಳನ್ನು ನನ್ನ ಮೇಜಿನ ಮೇಲೆ ಸುರಿದರು. ನೋಡಿದರೆ ಅರ್ಧಕ್ಕರ್ಧ ಖಾಲಿ ಕಾಗದ. ಶಾಖ ತಗುಲಿ ಅಕ್ಷರ ಮೂಡುವ ಥರ್ಮಲ್ ಕಾಗದ ಅದು, ತಿಂಗಳುಗಳು ಕಳೆದಂತೆ ಮಸುಕಾಗಿಬಿಡುತ್ತದೆ. ಆದರೆ ಆಕೆ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವರು. ಪ್ರತಿ ಬಿಲ್ಲಿನ ಕೊನೆಯ ಸಾಲಿನಲ್ಲಿರುವ ಪಾಯಿಂಟ್ ಬಾಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಿಂದ ಗುರುತು ಹಾಕಿದ್ದರು. ಆ ಕ್ಯಾಲೆಂಡರಿನ ಹಾಳೆಗಳನ್ನೂ ಅಕ್ಷರ ಉಳಿದಿದ್ದ ಬಿಲ್‌ಗಳ ನಕಲನ್ನೂ ಲಗತ್ತಿಸಿ ನೋಟಿಸ್ ಕಳುಹಿಸಿದೆವು. ಪ್ರಕರಣ ಆಯೋಗದವರೆಗೂ ಹೋಗಲಿಲ್ಲ, ಕಂಪನಿ ಪಾಯಿಂಟ್‌ಗಳನ್ನು ಮರಳಿಸಿ ಅವಧಿಯನ್ನು ವಿಸ್ತರಿಸಿತು. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಬಿಲ್ ಬಂದ ದಿನವೇ ಅದರ ಫೋಟೊ ತೆಗೆದಿಡಿ ಎಂದು ಬಂದವರಿಗೆಲ್ಲ ಹೇಳುವ ಅಭ್ಯಾಸ ನನಗೆ ಅಂಟಿದ್ದು ಅಂದಿನಿಂದ.

ಕಂಪ್ಯೂಟರ್ ಕೆಟ್ಟದ್ದೇ ಸೇವಾ ನ್ಯೂನತೆ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ದೊಡ್ಡ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮೇಲೆ 2025ರಲ್ಲಿ ಸೈಬರ್ ದಾಳಿ ನಡೆದಾಗ, ಏಪ್ರಿಲ್ 25ರಂದು ನಿಲ್ಲಿಸಿದ ಆನ್‌ಲೈನ್ ಆರ್ಡರ್‌ಗಳನ್ನು ಮತ್ತೆ ತೆಗೆದುಕೊಳ್ಳಲು ಶುರು ಮಾಡಿದ್ದು ಜೂನ್ 10ಕ್ಕೆ. ಅಷ್ಟು ದೊಡ್ಡ ಸಂಸ್ಥೆಗೇ ಆರು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಯಂತ್ರ ಕೆಡಬಹುದು, ದಾಳಿಯೂ ಆಗಬಹುದು. ನಾವು ಪ್ರಶ್ನಿಸಬೇಕಾದದ್ದು ಆ ಮೇಲಿನ ನಡವಳಿಕೆಯನ್ನು: ಎಂದು ಸರಿಹೋಗುತ್ತದೆಂದು ತಿಳಿಸಿದರೇ, ಕೆಟ್ಟಿದ್ದ ದಿನಗಳನ್ನು ಅವಧಿಯಿಂದ ಹೊರಗಿಟ್ಟರೇ, ಕೇಳಿದವರಿಗೆ ಉತ್ತರ ಕೊಟ್ಟರೇ?

ಈ ಪ್ರಶ್ನೆಗಳನ್ನು ಬರಹದಲ್ಲಿ, ಅವಧಿ ಮುಗಿಯುವ ಮೊದಲು ಕೇಳಬೇಕು. ಒಂದು ಇಮೇಲ್ ಸಾಕು. ಕಾರ್ಡಿನ ನಂಬರ್, ಕೊನೆಯ ಬಾರಿ ಕಂಡ ಬಾಕಿ, ಬಳಸಲು ಹೋಗಿ ಬರಿಗೈಯಲ್ಲಿ ಮರಳಿದ ದಿನಾಂಕ, ಅವಧಿ ವಿಸ್ತರಿಸಬೇಕೆಂಬ ಕೋರಿಕೆ, ಇಷ್ಟಿದ್ದರೆ ಆಯಿತು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದೂ ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಕಾಲಮಿತಿ ಸಾಮಾನ್ಯವಾಗಿ ಎರಡು ವರ್ಷ. ಆದರೆ ‘ಯಾವಾಗ ಬೇಕಾದರೂ ಈ ಯೋಜನೆಯನ್ನು ಬದಲಿಸುವ, ನಿಲ್ಲಿಸುವ ಹಕ್ಕು ನಮ್ಮದು’ ಎಂಬ ಸಾಲು ಇಂಥ ಯೋಜನೆಗಳ ಷರತ್ತುಗಳಲ್ಲಿ ಸಾಮಾನ್ಯ. ಆ ಷರತ್ತೇ ಅನ್ಯಾಯದ್ದೆಂದು ಪ್ರಶ್ನಿಸುವುದಾದರೆ ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗಕ್ಕೆ ಹೋಗಬೇಕು. ಹಾಗಾಗಿ ಷರತ್ತುಗಳನ್ನು ಓದದೆ ಯಾವ ವಕೀಲರೂ ನಿಮಗೆ ಖಚಿತವಾದ ಉತ್ತರ ಕೊಡಬಾರದು, ನಾನೂ ಕೊಡುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಹೇಳದಿರಲಾರೆ. ‘ನಿಮ್ಮ ಪಾಯಿಂಟ್ಸ್ ಇಂದೇ ಮುಗಿಯುತ್ತವೆ, ಈ ಲಿಂಕ್ ಒತ್ತಿ’ ಎಂಬ ಮೋಸದ ಸಂದೇಶ, ಸರ್ವರ್ ಕೆಟ್ಟು ಜನ ಕಾಯುತ್ತಿರುವ ಸಮಯದಲ್ಲಿ ಬಂದರೆ, ನಂಬುವವರು ಹೆಚ್ಚು. ಲಿಂಕ್ ಒತ್ತಿ ಹಣ ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಳೆದ ವಾರ ಯುವಕನೊಬ್ಬ ಬಂದಿದ್ದ. ತಾಯಿಯ ಕಾರ್ಡಂತೆ, ಅವಧಿ ಮುಗಿಯಲು ಮೂರು ದಿನ ಉಳಿದಿತ್ತು. ‘ಸರ್ವರ್ ಸರಿಹೋದ ಮೇಲೆ ಬರೆಯೋಣವೇ ಸರ್?’ ಎಂದ. ಅವನ ಫೋನಿನಲ್ಲೇ, ನನ್ನ ಮೇಜಿನ ಮುಂದೆ ಕೂರಿಸಿ, ಇಮೇಲ್ ಬರೆಸಿದೆ. ಸಂಜೆ ನಾಲ್ಕೂವರೆಗೆ ಅದು ತಲುಪಿದ ಸ್ವೀಕೃತಿ ಬಂತು, ಅದನ್ನೂ ಪ್ರಿಂಟ್ ತೆಗೆಸಿ ಕೈಗೆ ಕೊಟ್ಟು ಕಳುಹಿಸಿದೆ.