ಆರ್ಟ್‌ಹೌಸ್, ಬ್ಲಾಕ್‌ಬಸ್ಟರ್: ಒಂದು ಕಟ್ಟಡದ ಹೆಸರು, ಒಂದು ಬಾಂಬಿನ ಹೆಸರು

ಆರ್ಟ್‌ಹೌಸ್ ಎಂಬ ಪದದಲ್ಲಿ ‘ಹೌಸ್’ ಎಂದರೆ ಚಿತ್ರಮಂದಿರ. ಇಂದು ಒಂದು ಬಗೆಯ ಸಿನಿಮಾವನ್ನು ಗುರುತಿಸಲು ನಾವು ಬಳಸುವ ಈ ಮಾತು ಮೊದಲಿಗೆ ಸಿನಿಮಾವನ್ನಲ್ಲ, ಅದನ್ನು ತೋರಿಸುತ್ತಿದ್ದ ಜಾಗವನ್ನು ಹೆಸರಿಸುತ್ತಿತ್ತು. ಬ್ಲಾಕ್‌ಬಸ್ಟರ್ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಹಾಕಿದ, ಊರಿನ ಒಂದು ಇಡೀ ಕಟ್ಟಡಗಳ ಸಾಲನ್ನೇ ನೆಲಸಮ ಮಾಡಬಲ್ಲ ಭಾರೀ ಬಾಂಬಿಗೆ ಪತ್ರಿಕೆಗಳು ಇಟ್ಟ ಹೆಸರು. ಒಂದು ಪದ ಸ್ಥಳವನ್ನು ಹೇಳುತ್ತದೆ, ಇನ್ನೊಂದು ಗಾತ್ರವನ್ನು ಹೇಳುತ್ತದೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಎರಡೂ ಹೇಳುವುದಿಲ್ಲ. ಪ್ರೇಕ್ಷಕರು ಇವುಗಳ ಹೆಸರಿನಲ್ಲಿ ಎರಡು ಪಾಳೆಯಗಳಾಗಿ ನಿಂತು ವಾದಿಸುವಾಗ ಈ ಮೂಲಾರ್ಥವನ್ನು ನೆನಪಿಟ್ಟುಕೊಂಡರೆ, ಜಗಳದ ಬಹುಪಾಲು ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ.

ಕನ್ನಡದಲ್ಲಿ ಇವಕ್ಕೆ ‘ಕಲಾತ್ಮಕ ಚಿತ್ರ’, ‘ವ್ಯಾಪಾರಿ ಚಿತ್ರ’ ಎಂಬ ಜೋಡಿ ರೂಢಿಯಲ್ಲಿದೆ. ಈ ಅನುವಾದ ನಮಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ ಎಂದು ನನ್ನ ಭಾವನೆ. ಜಾಗದ ಹೆಸರೂ ಗಾತ್ರದ ಹೆಸರೂ ಇಲ್ಲಿ ಗುಣದ ಹೆಸರುಗಳಾಗಿಬಿಟ್ಟಿವೆ. ಒಂದನ್ನು ಕಲಾತ್ಮಕ ಎಂದ ಕೂಡಲೇ ಇನ್ನೊಂದರಲ್ಲಿ ಕಲೆ ಇಲ್ಲ ಎಂದಂತಾಗುತ್ತದೆ. ಒಂದನ್ನು ವ್ಯಾಪಾರಿ ಎಂದ ಕೂಡಲೇ ಇನ್ನೊಂದು ಹಣದ ಸೋಂಕಿಲ್ಲದೆ ತಯಾರಾಯಿತು ಎಂದಂತಾಗುತ್ತದೆ. ಓಡುವ ರೈಲಿನ ಮೇಲಿನ ಹೊಡೆದಾಟವನ್ನು ನೋಡುಗನಿಗೆ ದಿಕ್ಕು ತಪ್ಪದ ಹಾಗೆ ಸಂಕಲಿಸುವುದಕ್ಕೆ ಬೇಕಾದ ಕಲೆಗಾರಿಕೆ ಸಣ್ಣದಲ್ಲ. ಹಾಗೆಯೇ ಟಿಕೆಟ್ಟು ಮಾರದ ಆರ್ಟ್‌ಹೌಸ್ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

1925ರಲ್ಲಿ ಲಂಡನ್ನಿನಲ್ಲಿ ಫಿಲ್ಮ್ ಸೊಸೈಟಿ ಆರಂಭವಾಯಿತು; 1926ರಲ್ಲಿ ಪ್ಯಾರಿಸ್ಸಿನಲ್ಲಿ ‘ಸ್ಟುಡಿಯೋ ದೇ ಉರ್ಸುಲೀನ್’ ಎಂಬ ಸಣ್ಣ ಚಿತ್ರಮಂದಿರ ತೆರೆಯಿತು. ದೊಡ್ಡ ಮಂದಿರಗಳಲ್ಲಿ ಎಡೆ ಸಿಗದ ಚಿತ್ರಗಳನ್ನು, ಹುಡುಕಿಕೊಂಡು ಬರುವ ಪ್ರೇಕ್ಷಕರಿಗೆ ತೋರಿಸುವುದೇ ಇಂಥ ಜಾಗಗಳ ಉದ್ದೇಶ. ಅಮೆರಿಕದಲ್ಲಿ ಈ ಪದ ಗಟ್ಟಿಯಾಗಿ ನೆಲೆಯೂರಿದ್ದು ಯುದ್ಧ ಮುಗಿದ ಮೇಲೆ. 1946ರಲ್ಲಿ ಇಟಲಿಯ ನಿರ್ದೇಶಕ ರಾಬರ್ಟೊ ರೊಸೆಲ್ಲಿನಿಯ ‘ರೋಮ್, ಓಪನ್ ಸಿಟಿ’ ನ್ಯೂಯಾರ್ಕಿನ ಒಂದೇ ಮಂದಿರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ಯಾರಮೌಂಟ್ ಪ್ರಕರಣದಲ್ಲಿ ನೀಡಿದ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳಿಗೆ ಚಿತ್ರಮಂದಿರಗಳ ಮೇಲಿದ್ದ ಹಿಡಿತ ಸಡಿಲವಾಯಿತು. ಅದೇ ಹೊತ್ತಿಗೆ ಟೆಲಿವಿಷನ್ ಮನೆಗಳೊಳಗೆ ಬಂತು, ಪ್ರೇಕ್ಷಕರ ಸಂಖ್ಯೆ ಇಳಿಯಿತು, ಸಣ್ಣ ಮಂದಿರಗಳವರು ಯುರೋಪು ಮತ್ತು ಜಪಾನಿನ ಚಿತ್ರಗಳತ್ತ ತಿರುಗಿದರು. ಅಮೆರಿಕದ ಚಿತ್ರಗಳ ಮೇಲಿದ್ದ ನೀತಿಸಂಹಿತೆ ಈ ಹೊರಗಿನ ಚಿತ್ರಗಳನ್ನು ಅಷ್ಟಾಗಿ ಕಟ್ಟಿಹಾಕಿರಲಿಲ್ಲ. ಆದ್ದರಿಂದ ಜಾಹೀರಾತುಗಳಲ್ಲಿ ಕಲೆಯಷ್ಟೇ ಢಾಳಾಗಿ ಶೃಂಗಾರವನ್ನೂ ಮಾರಲಾಯಿತು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಬ್ಲಾಕ್‌ಬಸ್ಟರ್ ಪದವು 1940ರ ದಶಕದಲ್ಲೇ ಸಿನಿಮಾ ಜಾಹೀರಾತಿಗೆ ಜಿಗಿಯಿತು. ಟಿಕೆಟ್ಟಿಗಾಗಿ ಬೀದಿಯ ಮೂಲೆ ದಾಟಿ ನಿಲ್ಲುವ ಸಾಲಿನಿಂದ ಈ ಹೆಸರು ಬಂತು ಎಂಬ ಕತೆ ಆಕರ್ಷಕವಾಗಿದ್ದರೂ ಅದು ಆಮೇಲೆ ಹುಟ್ಟಿದ ಕತೆ. 1950ರ ದಶಕದಲ್ಲಿ ಅಸಾಧಾರಣ ಗಳಿಕೆಯ ಚಿತ್ರ ಎಂಬ ಅರ್ಥ ಬೇರೂರಿತು. ಅರ್ಥ ಮತ್ತೊಮ್ಮೆ ಹೊರಳಿದ್ದು 1975ರಲ್ಲಿ. ಆ ವರ್ಷದ ಜೂನ್ 20ರಂದು ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ ನಾನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಟ್ಟಿಗೆ ತೆರೆಕಂಡಿತು. ಅದಕ್ಕೂ ಮೊದಲು ಟೆಲಿವಿಷನ್ನಿನಲ್ಲಿ ಅದರ ಜಾಹೀರಾತಿನ ಸುರಿಮಳೆಯಾಗಿತ್ತು. ಅಲ್ಲಿಯವರೆಗೆ ಮಹತ್ವದ ಚಿತ್ರಗಳನ್ನು ದೊಡ್ಡ ನಗರಗಳ ಕೆಲವೇ ಮಂದಿರಗಳಲ್ಲಿ ಆರಂಭಿಸಿ, ಸುದ್ದಿ ಹರಡಿದಂತೆ ಮೆಲ್ಲಗೆ ವಿಸ್ತರಿಸುವುದು ವಾಡಿಕೆಯಾಗಿತ್ತು. ‘ಜಾಸ್’ ಗೆದ್ದ ಬಳಿಕ, ಅದರ ಹಿಂದೆಯೇ 1977ರ ‘ಸ್ಟಾರ್ ವಾರ್ಸ್’ ಅದನ್ನೂ ಮೀರಿಸಿದ ಬಳಿಕ, ಬ್ಲಾಕ್‌ಬಸ್ಟರ್ ಎಂಬುದು ಫಲಿತಾಂಶದ ಹೆಸರಾಗಿ ಉಳಿಯಲಿಲ್ಲ. ಬಿಡುಗಡೆಗೆ ಮೊದಲೇ ಚಿತ್ರಕ್ಕೆ ಅಂಟಿಸುವ ವರ್ಗದ ಹೆಸರಾಯಿತು. ಗೆಲ್ಲದ ಚಿತ್ರವನ್ನೂ ಇಂದು ‘ಸೋತ ಬ್ಲಾಕ್‌ಬಸ್ಟರ್’ ಎಂದು ಕರೆಯಲು ಸಾಧ್ಯವಾಗಿರುವುದು ಈ ಹೊರಳಿನಿಂದ.

ಪ್ರೇಕ್ಷಕರ ಪ್ರತಿಕ್ರಿಯೆ ಎರಡಾಗಿ ಸೀಳುವುದಕ್ಕೂ ಬಿಡುಗಡೆಯ ಈ ರೀತಿಗೂ ನೇರ ಸಂಬಂಧವಿದೆ. ಸಣ್ಣ ಮಂದಿರಕ್ಕೆ ಹುಡುಕಿಕೊಂಡು ಬಂದವನು ತಾನು ಏನನ್ನು ನೋಡಲಿದ್ದೇನೆ ಎಂಬುದನ್ನು ಮುಕ್ಕಾಲು ಪಾಲು ಬಲ್ಲ. ಅಲ್ಲಿ ಜಾಗವೇ ಒಂದು ಮುನ್ಸೂಚನೆ. ಸಾವಿರಾರು ಪರದೆಗಳ ಮೇಲೆ ಒಂದೇ ಶುಕ್ರವಾರ ಬರುವ ಚಿತ್ರಕ್ಕೆ ಅಂಥ ಮುನ್ಸೂಚನೆ ಇರುವುದಿಲ್ಲ. ಟ್ರೈಲರ್ ಮತ್ತು ತಾರೆಯ ಮುಖ ಕೊಟ್ಟ ಮಾತನ್ನೇ ನಂಬಿ ಜನ ಬರುತ್ತಾರೆ. ಚಿತ್ರ ಆ ಮಾತಿಗೆ ತಪ್ಪಿದರೆ ಹುಟ್ಟುವುದು ಬೇಸರವಲ್ಲ, ಮೋಸಹೋದ ಸಿಟ್ಟು. 2011ರಲ್ಲಿ ಇದಕ್ಕೆ ಎರಡು ಸ್ಪಷ್ಟ ನಿದರ್ಶನಗಳು ಸಿಕ್ಕವು. ನಿಕೋಲಸ್ ವಿಂಡಿಂಗ್ ರೆಫ್ನ್ ಅವರ ‘ಡ್ರೈವ್’ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಪಡೆಯಿತು. ಅದೇ ಚಿತ್ರದ ಟ್ರೈಲರನ್ನು ನೋಡಿ ಕಾರುಗಳ ರಭಸದ ಚಿತ್ರವನ್ನು ನಿರೀಕ್ಷಿಸಿದ್ದ ಮಿಶಿಗನ್ನಿನ ಒಬ್ಬ ಪ್ರೇಕ್ಷಕಿ, ತನ್ನನ್ನು ದಾರಿತಪ್ಪಿಸಲಾಗಿದೆ ಎಂದು ವಿತರಕರ ಮೇಲೆ ಮೊಕದ್ದಮೆಯನ್ನೇ ಹೂಡಿದರು. ಆ ವರ್ಷ ಕಾನ್‌ನಲ್ಲಿ ಪರಮೋಚ್ಚ ಪ್ರಶಸ್ತಿಯಾದ ‘ಪಾಮ್ ದೋರ್’ ಗಳಿಸಿದ ಟೆರೆನ್ಸ್ ಮ್ಯಾಲಿಕ್ ಅವರ ‘ದಿ ಟ್ರೀ ಆಫ್ ಲೈಫ್’ ಚಿತ್ರಕ್ಕೆ ಬ್ರ್ಯಾಡ್ ಪಿಟ್ ಹೆಸರು ನೋಡಿ ಬಂದವರು ಹಣ ವಾಪಸು ಕೇಳತೊಡಗಿದಾಗ, ಅಮೆರಿಕದ ಕನೆಕ್ಟಿಕಟ್‌ನ ಒಂದು ಚಿತ್ರಮಂದಿರ ಫಲಕವನ್ನೇ ಹಾಕಿತು: ಇದು ತಾತ್ವಿಕ ಬಗೆಯ ಚಿತ್ರ, ಮಾಮೂಲಿ ಕಥನಕ್ರಮವನ್ನು ಅನುಸರಿಸುವುದಿಲ್ಲ, ತಿಳಿದುಕೊಂಡು ಒಳಗೆ ಬನ್ನಿ, ಹಣ ಹಿಂದಿರುಗಿಸಲಾಗದು ಎಂಬುದು ಅದರ ಸಾರಾಂಶ. ಆರ್ಟ್‌ಹೌಸ್ ಎಂಬ ಪದ ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವನ್ನು ಆ ಫಲಕ ಮಾಡಬೇಕಾಯಿತು.

ನಿರೀಕ್ಷೆಯ ಮಾತು ಇಷ್ಟಾದರೂ ಚಿತ್ರದ ಒಳಗೂ ಒಂದು ಕಾರಣವಿದೆ. ಚಲನಚಿತ್ರ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ 1979ರ ಒಂದು ಪ್ರಬಂಧದಲ್ಲಿ ಕಲಾ ಸಿನಿಮಾವನ್ನು ಒಂದು ಕಥನಪದ್ಧತಿಯಾಗಿ ವಿವರಿಸಿದರು. ಮುಖ್ಯವಾಹಿನಿಯ ಚಿತ್ರದಲ್ಲಿ ನಾಯಕನಿಗೆ ಒಂದು ಗುರಿ ಇರುತ್ತದೆ, ಪ್ರತಿ ಘಟನೆ ಮುಂದಿನದಕ್ಕೆ ಕಾರಣವಾಗುತ್ತದೆ, ಎದ್ದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಸಿಗುತ್ತದೆ. ಕಲಾ ಸಿನಿಮಾದಲ್ಲಿ ಈ ಕಾರಣಸರಪಳಿ ಸಡಿಲ. ಪಾತ್ರಕ್ಕೆ ತನಗೇನು ಬೇಕೆಂಬುದೇ ಸ್ಪಷ್ಟವಿರುವುದಿಲ್ಲ. ಅಸ್ಪಷ್ಟವಾದದ್ದನ್ನು ಅಸ್ಪಷ್ಟವಾಗಿಯೇ ಉಳಿಸಲಾಗುತ್ತದೆ. ಅಂದರೆ ಇಲ್ಲಿ ನೋಡುಗನಿಗೆ ಹಚ್ಚುವ ಕೆಲಸವೇ ಬೇರೆ. ‘ಮುಂದೇನು’ ಎಂದು ಕೇಳುತ್ತ ಕುಳಿತವನಿಗೆ ಆ ಪ್ರಶ್ನೆಗೆ ಉತ್ತರ ಸಿಗದು, ‘ಇದನ್ನು ಹೀಗೇಕೆ ತೋರಿಸುತ್ತಿದ್ದಾರೆ’ ಎಂದು ಕೇಳುವವನಿಗೆ ಪ್ರತಿ ಚೌಕಟ್ಟಿನಲ್ಲೂ ಏನಾದರೂ ಸಿಗುತ್ತದೆ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಮುಖ್ಯವಾಹಿನಿಯ ಚಿತ್ರ ವಾಚ್ಯಾರ್ಥದ, ಎಂದರೆ ನೇರವಾಗಿ ಹೇಳಿದ ಅರ್ಥದ ದಾರಿಯಲ್ಲಿ ಕೈಹಿಡಿದು ನಡೆಸುತ್ತದೆ, ಕಲಾ ಸಿನಿಮಾ ಧ್ವನಿಯನ್ನು, ಎಂದರೆ ಹೇಳದೆ ಸೂಚಿಸುವ ಅರ್ಥವನ್ನು ನೆಚ್ಚಿಕೊಂಡಿದೆ.

1960ರ ಕಾನ್ ಉತ್ಸವದಲ್ಲಿ ಮಿಕೆಲಾಂಜೆಲೊ ಆಂಟೋನಿಯೋನಿಯ ‘ಲಾವೆಂತೂರಾ’ಗೆ ಆದದ್ದು ಇದೇ. ದ್ವೀಪವೊಂದರಲ್ಲಿ ಯುವತಿಯೊಬ್ಬಳು ಕಾಣೆಯಾಗುತ್ತಾಳೆ. ಹುಡುಕಾಟ ನಡೆಯುತ್ತದೆ, ಆದರೆ ಅವಳು ಸಿಗುವುದಿಲ್ಲ; ಅಷ್ಟೇ ಅಲ್ಲ, ಹುಡುಕುವವರೇ ಅವಳನ್ನು ಮೆಲ್ಲಗೆ ಮರೆಯತೊಡಗುತ್ತಾರೆ. ಪ್ರಥಮ ಪ್ರದರ್ಶನದಲ್ಲಿ ಸಭಿಕರು ಕೂಗಾಡಿ ಗೇಲಿ ಮಾಡಿದರು. ಮರುದಿನವೇ ಹಲವು ನಿರ್ದೇಶಕರು, ವಿಮರ್ಶಕರು ಸಹಿ ಹಾಕಿದ ಹೇಳಿಕೆಯೊಂದು ಚಿತ್ರದ ಬೆಂಬಲಕ್ಕೆ ಬಂತು. ತೀರ್ಪುಗಾರರ ಪ್ರಶಸ್ತಿಯೂ ಅದಕ್ಕೆ ಸಂದಿತು. ಎರಡೇ ವರ್ಷಗಳಲ್ಲಿ, ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ನಡುವೆ ನಡೆಸಿದ 1962ರ ಮತಗಣನೆಯಲ್ಲಿ ಅದು ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪೈಕಿ ಎರಡನೆಯ ಸ್ಥಾನದಲ್ಲಿತ್ತು. ಕೂಗಾಡಿದವರು ಸಿನಿಮಾ ಅರಿಯದ ಜನಸಾಮಾನ್ಯರಾಗಿರಲಿಲ್ಲ, ಅದು ಕಾನ್ ಉತ್ಸವದ ಸಭೆ ಎಂಬುದು ಇಲ್ಲಿ ಮುಖ್ಯ. ಬಳಕೆಯಿಲ್ಲದ ರೂಪ ಎದುರಾದಾಗ ಬಲ್ಲವರೂ ಹೀಗೆ ಸೀಳಿಹೋಗುತ್ತಾರೆ.

ಇಂದು ಈ ಸೀಳನ್ನು ಅಂಕಿಗಳಲ್ಲಿ ತೋರಿಸುವ ಅಭ್ಯಾಸ ಬೆಳೆದಿದೆ, ಆದರೆ ಆ ಅಂಕಿಗಳು ಏನನ್ನು ಅಳೆಯುತ್ತವೆ ಎಂದು ಕೇಳುವವರು ಕಡಿಮೆ. ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ ಬಿಡುಗಡೆಯ ದಿನದ ಪ್ರೇಕ್ಷಕರಿಂದಲೇ ಅಭಿಪ್ರಾಯ ಪಡೆದು ‘ಎ ಪ್ಲಸ್’ನಿಂದ ‘ಎಫ್’ವರೆಗೆ ಶ್ರೇಣಿ ಕೊಡುತ್ತದೆ. ಮೊದಲ ದಿನವೇ ಬಂದವರು ಚಿತ್ರವನ್ನು ಇಷ್ಟಪಡಲೆಂದೇ ಬಂದವರು. ಹಾಗಾಗಿ ಅದು ಅಳೆಯುವುದು ಚಿತ್ರದ ಗುಣವನ್ನಲ್ಲ, ಕೊಟ್ಟ ಮಾತು ಎಷ್ಟರಮಟ್ಟಿಗೆ ನಡೆಯಿತು ಎಂಬುದನ್ನು. ವಿಮರ್ಶಕರಲ್ಲಿ ಅನೇಕರು ಮೆಚ್ಚಿದ, ಡ್ಯಾರನ್ ಅರೊನಾಫ್ಸ್ಕಿ ಅವರ ‘ಮದರ್!’ 2017ರಲ್ಲಿ ‘ಎಫ್’ ಪಡೆದದ್ದು ಇದರಿಂದಾಗಿಯೇ. ಭಯಾನಕ ಚಿತ್ರವೆಂದು ಬಂದವರಿಗೆ ಅಲ್ಲಿ ಸಿಕ್ಕಿದ್ದು ಒಂದು ಉಗ್ರ ರೂಪಕ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಅಂಕಿಯೂ ಮೆಚ್ಚುಗೆಯ ಪ್ರಮಾಣವನ್ನು ಹೇಳುವುದಿಲ್ಲ, ಎಷ್ಟು ಮಂದಿ ವಿಮರ್ಶಕರು ಒಟ್ಟಾರೆ ಸರಿ ಎಂದರು ಎಂಬುದನ್ನಷ್ಟೇ ಹೇಳುತ್ತದೆ. ನೂರು ಜನ ‘ಪರವಾಗಿಲ್ಲ’ ಎಂದ ಚಿತ್ರಕ್ಕೆ ಅಲ್ಲಿ ನೂರಕ್ಕೆ ನೂರು ಸಿಗಬಹುದು. ಐವತ್ತು ಜನ ಜೀವಮಾನವಿಡೀ ನೆನೆಯುವ, ಉಳಿದ ಐವತ್ತು ಜನ ಸಹಿಸಲಾರದ ಚಿತ್ರಕ್ಕೆ ಐವತ್ತೇ. ಎಲ್ಲರಿಗೂ ಅರೆಮನಸ್ಸಿನ ಚಿತ್ರಕ್ಕೂ ಪ್ರೇಕ್ಷಕರನ್ನು ನಿಜಕ್ಕೂ ಇಬ್ಭಾಗ ಮಾಡಿದ ಚಿತ್ರಕ್ಕೂ ಇರುವ ಅಂತರವನ್ನು ಸರಾಸರಿ ನುಂಗಿಹಾಕುತ್ತದೆ.

ಈ ಜಗಳದಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ಮನುಷ್ಯರೇ ನೊಂದುಕೊಳ್ಳುವುದೇಕೆ ಎಂಬುದಕ್ಕೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ ಉತ್ತರ ಕೊಟ್ಟಿದ್ದಾರೆ. 1960ರ ದಶಕದ ಸಮೀಕ್ಷೆಗಳನ್ನು ಆಧರಿಸಿ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು, ಅಭಿರುಚಿಯು ಶಿಕ್ಷಣ ಮತ್ತು ಮನೆತನದ ಹಿನ್ನೆಲೆಯೊಂದಿಗೆ ಹೆಣೆದುಕೊಂಡಿರುತ್ತದೆಂದೂ ರೂಪದ ಪ್ರಯೋಗಗಳನ್ನು ಸಾಮಾನ್ಯ ಪ್ರೇಕ್ಷಕರು ‘ನೀವು ಹೊರಗಿನವರು’ ಎಂಬ ಸೂಚನೆಯಾಗಿ ಅನುಭವಿಸುತ್ತಾರೆಂದೂ ತೋರಿಸಿದರು. ‘ನಿಮಗೆ ಅರ್ಥವಾಗಲಿಲ್ಲ’ ಎಂಬ ಮಾತು ಯಾಕಿಷ್ಟು ಚುಚ್ಚುತ್ತದೆ, ಅದಕ್ಕೆ ಪ್ರತಿಯಾಗಿ ‘ಬರೀ ಬೂಟಾಟಿಕೆ’ ಎಂಬ ಮಾತು ಯಾಕಿಷ್ಟು ಬೇಗ ಬಾಯಿಗೆ ಬರುತ್ತದೆ ಎಂಬುದು ಇಲ್ಲಿ ಬೆಳಕಿಗೆ ಬರುತ್ತದೆ. ಆದರೆ ಬೋರ್ದಿಯೂ ವಿವರಣೆ ಜಗಳವನ್ನು ವಿವರಿಸುತ್ತದೆಯೇ ಹೊರತು ಚಿತ್ರದ ಮುಂದೆ ಒಬ್ಬಂಟಿಯಾಗಿ ಕುಳಿತವನ ಆನಂದವನ್ನೋ ದಣಿವನ್ನೋ ಅಲ್ಲ.

ಅದಕ್ಕೆ ನಾನು ಭರತನ ಬಳಿಗೆ ಹೋಗುತ್ತೇನೆ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನು, ಅಂದರೆ ಪ್ರದರ್ಶನ ಗೆದ್ದಿತೆಂದು ತಿಳಿಯುವುದು ಹೇಗೆ ಎಂಬುದನ್ನು ಚರ್ಚಿಸುತ್ತದೆ. ಸಭಿಕರು ನಗುವುದು, ‘ಸಾಧು’ ‘ಅಹೋ’ ಎಂದು ಉದ್ಗರಿಸುವುದು, ರೋಮಾಂಚನಗೊಳ್ಳುವುದು, ಎದ್ದು ನಿಂತು ಉತ್ತರೀಯಗಳನ್ನು ಎಸೆಯುವುದು, ಇವು ಮಾನುಷೀ ಸಿದ್ಧಿಯ ಲಕ್ಷಣಗಳು. ಸದ್ದಿಲ್ಲದೆ, ಕಲಕಾಟವಿಲ್ಲದೆ, ತುಂಬಿದ ರಂಗ ಸ್ತಬ್ಧವಾಗಿ ಕುಳಿತಿದ್ದರೆ ಅದು ದೈವೀ ಸಿದ್ಧಿ. ಎರಡನ್ನೂ ಅವನು ಸಿದ್ಧಿಯೆಂದೇ ಎಣಿಸಿದ. ದೈವೀ ಸಿದ್ಧಿಗೂ ರಂಗ ತುಂಬಿರಬೇಕೆಂಬ ಅವನ ನಿಬಂಧನೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಖಾಲಿ ಆಸನಗಳ ಮೌನವನ್ನು ಅವನು ಗೆಲುವೆಂದು ಒಪ್ಪಲಿಲ್ಲ. ಅದೇ ಅಧ್ಯಾಯದಲ್ಲಿ ಅವನು ತರುಣರಿಗೆ ಶೃಂಗಾರ, ವಿರಾಗಿಗಳಿಗೆ ಮೋಕ್ಷ, ಶೂರರಿಗೆ ವೀರ, ರೌದ್ರ ಮತ್ತು ಕಾಳಗ, ವೃದ್ಧರಿಗೆ ಪುರಾಣ ಮೆಚ್ಚುಗೆಯಾಗುತ್ತದೆಂದು ಹೇಳುತ್ತಾನೆ. ಪ್ರೇಕ್ಷಕ ಒಬ್ಬನಲ್ಲ, ಹಲವರು ಎಂಬುದು ಅಲ್ಲಿ ಆಕ್ಷೇಪವಾಗಿ ಬರುವುದಿಲ್ಲ, ಪ್ರದರ್ಶಿಸುವವನು ಅರಿತಿರಬೇಕಾದ ಸಂಗತಿಯಾಗಿ ಬರುತ್ತದೆ.

ಎರಡು ಪದಗಳ ನಡುವಿನ ಗೋಡೆ ಎಷ್ಟು ತೆಳುವೆಂಬುದನ್ನು ಕಾಣಲು ಮತ್ತೆ 1975ಕ್ಕೆ ಹೋಗಬೇಕು. ‘ಜಾಸ್’ ಬಿಡುಗಡೆಯಾಗುವ ಒಂದು ತಿಂಗಳು ಮೊದಲು, ಮೇ ತಿಂಗಳ ಕಾನ್ ಉತ್ಸವದಲ್ಲಿ ಶಾಂತಾಲ್ ಅಕರ್‌ಮನ್ ಅವರ ‘ಜಾನ್ ದಿಯೆಲ್ಮಾನ್’ ತೆರೆಕಂಡಿತು. 201 ನಿಮಿಷಗಳ ಈ ಚಿತ್ರ ವಿಧವೆಯೊಬ್ಬಳ ಮೂರು ದಿನಗಳ ಮನೆಗೆಲಸವನ್ನು ತೋರಿಸುತ್ತದೆ. 2022ರ ‘ಸೈಟ್ ಅಂಡ್ ಸೌಂಡ್’ ಮತಗಣನೆಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂದಾಗ ಪ್ರೇಕ್ಷಕಲೋಕ ಮತ್ತೊಮ್ಮೆ ಇಬ್ಭಾಗವಾಯಿತು. ಒಂದು ಬ್ಲಾಕ್‌ಬಸ್ಟರ್‌ಗಳ ಮೂಲಪುರುಷ, ಇನ್ನೊಂದು ಆರ್ಟ್‌ಹೌಸಿನ ತುತ್ತತುದಿ. ಆದರೂ ‘ಜಾಸ್’ನಲ್ಲಿ ಮೊದಲ ಒಂದು ಗಂಟೆ ಶಾರ್ಕ್ ಪೂರ್ತಿಯಾಗಿ ಕಾಣಿಸಿಕೊಳ್ಳುವುದೇ ಇಲ್ಲ, ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟದ್ದರಿಂದ ಸ್ಪೀಲ್‌ಬರ್ಗ್ ಅದು ಕಾಣದಂತೆಯೇ ಭಯವನ್ನು ಕಟ್ಟಬೇಕಾಯಿತು, ಪ್ರೇಕ್ಷಕರು ಬರಿಯ ನೀರನ್ನು ನೋಡುತ್ತ ಕಾದರು. ‘ಜಾನ್ ದಿಯೆಲ್ಮಾನ್’ ಕೊನೆಯಾಗುವುದು ಒಂದು ಕೊಲೆಯ ಬಳಿಕ. ಅದಕ್ಕೆ ಬಹಳ ಮುಂಚೆ, ಎರಡನೆಯ ದಿನ, ಒಲೆಯ ಮೇಲಿದ್ದ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಪಾತ್ರೆಯನ್ನು ಎಲ್ಲಿಡುವುದೆಂದು ತೋಚದೆ ಅವಳು ಅದನ್ನು ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಾಳೆ. ಅಲ್ಲಿಯವರೆಗೆ ಎದ್ದುಹೋಗದೆ ಕುಳಿತ ಪ್ರೇಕ್ಷಕನಿಗೆ ಆ ಪಾತ್ರೆ, ನೀರಿನ ಮೇಲೆ ಮೊದಲ ಬಾರಿ ಕಂಡ ಶಾರ್ಕಿನ ರೆಕ್ಕೆಯಷ್ಟೇ ಗಾಬರಿ ಹುಟ್ಟಿಸುತ್ತದೆ.