ಮಗ ಗೋವಾದಲ್ಲಿ, ವೋಟು ಅಂಕೋಲೆಯಲ್ಲಿ: ಬರದಿದ್ರೆ ಹೆಸರು ತೆಗೀತಾರಾ?

ಪ್ರಶ್ನೆ: "ಅಕ್ಕೋರೇ, ನನ್ನ ಮಗ ಮಡಗಾಂವದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ. ಹೋದ ಸಲ ವೋಟ್ ಹಾಕೋಕೆ ಬರಲಿಲ್ಲ. ಈ ಸಲವೂ ತಪ್ಪಿಸಿದ್ರೆ ಪಟ್ಟಿಯಿಂದ ಹೆಸರು ತೆಗೀತಾರಂತೆ, ರೇಷನ್ ಕಾರ್ಡೂ ಹೋಗುತ್ತಂತೆ. ಹೌದಾ?"

ಇಲ್ಲ. ವೋಟ್ ಹಾಕಲಿಲ್ಲ ಅಂತ ಯಾರ ಹೆಸರನ್ನೂ ತೆಗೆಯುವುದಿಲ್ಲ. ಕಾರ್ಡ್ ಹೋಗುವುದಿಲ್ಲ. ದಂಡವೂ ಇಲ್ಲ.

ಈ ಪ್ರಶ್ನೆ ನನಗೆ ಅಂಕೋಲೆ ಪೇಟೆಯಲ್ಲಿ ಬಂದಿದೆ, ಕುಮಟಾ ಬಸ್ಸಿನಲ್ಲಿ ಬಂದಿದೆ, ಮದುವೆ ಊಟದ ಪಂಕ್ತಿಯಲ್ಲೂ ಬಂದಿದೆ. ಪ್ರತಿ ಚುನಾವಣೆಗೂ ಉತ್ತರ ಹೇಳುತ್ತೇನೆ. ಮುಂದಿನ ಚುನಾವಣೆ ಹೊತ್ತಿಗೆ ಅದೇ ಮಾತು ಮತ್ತೆ ಎದುರು ನಿಂತಿರುತ್ತದೆ. ಶಾಲೆಯಲ್ಲಿ ಟೀಚರಾಗಿದ್ದಾಗ ಹಲವು ಸಲ ಚುನಾವಣೆ ಡ್ಯೂಟಿ ಮಾಡಿದವಳು ನಾನು. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಕಾನೂನು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 79ನೇ ಕಲಂನಲ್ಲಿ ಚುನಾವಣಾ ಹಕ್ಕು ಅಂದರೆ ಏನು ಅಂತ ಬರೆದಿದೆ. ವೋಟ್ ಹಾಕುವುದು ಎಷ್ಟು ಹಕ್ಕೋ, ಹಾಕದೇ ಇರುವುದೂ ಅಷ್ಟೇ ಹಕ್ಕು. ಎರಡೂ ಒಂದೇ ಸಾಲಿನಲ್ಲಿವೆ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಯುವುದು ಇದೇ ಕಾಯ್ದೆ ಪ್ರಕಾರ.

ಇನ್ನು ಹೆಸರು ತೆಗೆಯುವ ವಿಚಾರ. ಅದು ಬೇರೆ ಕಾಯ್ದೆ, 1950ರದ್ದು. ಅದರಲ್ಲಿ ಕಾರಣಗಳು ಲೆಕ್ಕ ಮಾಡಿ ಇಟ್ಟಂತಿವೆ: ವ್ಯಕ್ತಿ ತೀರಿಕೊಂಡಿರಬೇಕು, ಆ ಊರಿನ ವಾಸ ಬಿಟ್ಟಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ ಅರ್ಹತೆಯೇ ಇರಬಾರದು. ತೀರಿಕೊಂಡವರನ್ನು ಬಿಟ್ಟು ಉಳಿದವರ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲೇಬೇಕು. ವೋಟ್ ಹಾಕಲಿಲ್ಲ ಅನ್ನೋ ಕಾರಣ ಅಲ್ಲಿ ಎಲ್ಲೂ ಇಲ್ಲ.

ಹಾಗಾದ್ರೆ ಈ ಸುಳ್ಳು ಯಾಕೆ ಸಾಯುವುದಿಲ್ಲ? ಕಣ್ಣಿಗೆ ಅದು ನಿಜದಂತೆ ಕಾಣುತ್ತದೆ, ಅದಕ್ಕೆ. "ಪಕ್ಕದ ಮನೆಯವನು ಎರಡು ಸಲ ವೋಟ್ ಹಾಕಲಿಲ್ಲ, ಮೂರನೇ ಸಲ ಹೆಸರೇ ಇರಲಿಲ್ಲ" ಅಂತಾರಲ್ಲ, ಅವರು ಹೇಳುವುದು ಸುಳ್ಳಲ್ಲ. ಆದರೆ ಅವನು ವೋಟ್ ಹಾಕಲು ಬರದಿದ್ದದ್ದು ಯಾಕೆ? ಊರಲ್ಲೇ ಇರಲಿಲ್ಲ. ಪಟ್ಟಿ ನೋಡಲು ಮನೆ ಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒಗೆ ಅವನು ಸಿಗದಿದ್ದದ್ದು ಯಾಕೆ? ಅದಕ್ಕೂ ಅದೇ ಕಾರಣ. ಬೆಂಗಳೂರಲ್ಲೋ ಪಣಜಿಯಲ್ಲೋ ಸಂಸಾರ ಹೂಡಿದ್ದಾನೆ. ಮನೆಗೆ ಬೀಗ ಬಿದ್ದಿದೆ. ಹೆಸರು ಹೋಗಿದ್ದು ಊರು ಬಿಟ್ಟಿದ್ದಕ್ಕೆ. ವೋಟ್ ತಪ್ಪಿದ್ದೂ ಊರು ಬಿಟ್ಟಿದ್ದಕ್ಕೇ. ನೋಡಿದವರು ಇವೆರಡನ್ನೂ ಗಂಟು ಹಾಕಿ, ಒಂದರಿಂದ ಇನ್ನೊಂದು ಆಯ್ತು ಅಂದುಕೊಂಡರು.

ಗಂಟು ಬಿಗಿಯಾಗಲು ಇನ್ನೊಂದು ಕಾರಣವೂ ಇದೆ. ಮತಗಟ್ಟೆಗೆ ಎಎಸ್‌ಡಿ ಅನ್ನೋ ಪಟ್ಟಿ ಬರುತ್ತದೆ. ಮನೆಯಲ್ಲಿ ಸಿಗದವರು, ಬೇರೆಡೆ ಹೋದವರು, ತೀರಿಕೊಂಡವರು, ಇವರ ಹೆಸರು ಅದರಲ್ಲಿ ಇರುತ್ತವೆ. ತಮ್ಮ ಹೆಸರು ಅಲ್ಲಿ ಕಂಡ ಕೂಡಲೇ ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅದರಲ್ಲಿ ಹೆಸರಿದ್ದವರು ಬಂದರೆ ಗುರುತಿನ ಚೀಟಿಯನ್ನು ಸ್ವಲ್ಪ ಜಾಸ್ತಿ ಬಿಗಿಯಾಗಿ ನೋಡುತ್ತೇವೆ. ನಂತರ ಅವರೂ ಉಳಿದವರಂತೆ ವೋಟ್ ಹಾಕುತ್ತಾರೆ.

ಮತಗಟ್ಟೆಯ ಮೊದಲ ಮೇಜಿನಲ್ಲಿ ಕೂತವಳಾಗಿ ಇದನ್ನೂ ಹೇಳುತ್ತೇನೆ. ನಮ್ಮ ಮುಂದೆ ಮತದಾರರ ಪಟ್ಟಿ ಇರುತ್ತದೆ. ಬಂದವರ ಹೆಸರಿನ ಅಡಿಗೆ ಗೆರೆ ಎಳೆಯುತ್ತೇವೆ. ಹೆಂಗಸರಾದರೆ ಒಂದು ಟಿಕ್ ಕೂಡ. ಒಂದೇ ಹೆಸರಲ್ಲಿ ಇನ್ನೊಬ್ಬರು ಬಂದು ವೋಟ್ ಹಾಕಬಾರದು, ಹೆಂಗಸರೆಷ್ಟು ಗಂಡಸರೆಷ್ಟು ಲೆಕ್ಕ ಸಿಗಬೇಕು, ಅದಕ್ಕೆ ಈ ಗುರುತು. ಬಾರದವರ ಪಟ್ಟಿ ಮಾಡಿ ಆಹಾರ ಇಲಾಖೆಗೆ ಕಳಿಸಿ ಅಂತ ನಮಗೆ ಯಾರೂ ಯಾವತ್ತೂ ಹೇಳಿಲ್ಲ. ರೇಷನ್ ಕಾರ್ಡಿಗೆ ನೋಡುವುದು ಆದಾಯ, ಮನೆಯ ಸದಸ್ಯರು, ಇ-ಕೆವೈಸಿ. ಬೆರಳಿನ ಶಾಯಿಗೂ ಅಕ್ಕಿಗೂ ಸಂಬಂಧ ಇಲ್ಲ.

ವೋಟ್ ಹಾಕದವರ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಡಿತ ಅನ್ನೋ ವಾಟ್ಸಾಪ್ ಸುದ್ದಿ ಹುಟ್ಟಿದ್ದು 2019ರಲ್ಲಿ. ಹಿಂದಿ ಪತ್ರಿಕೆಯೊಂದು ಹೋಳಿ ಹಬ್ಬಕ್ಕೆ ತಮಾಷೆಗೆ ಬರೆದದ್ದು ಅದು. ಸುಳ್ಳು ಅಂತ ಚುನಾವಣಾ ಆಯೋಗ ಹೇಳಿಯಾಗಿದೆ. ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಬಡವರ ಮನೆಯಲ್ಲಿ 350 ರೂಪಾಯಿ ಅಂದ್ರೆ ನಿಜವಾಗಿಯೂ ಹೆದರುತ್ತಾರೆ.

ಕಡ್ಡಾಯ ಮಾಡಿದರೇನು ತಪ್ಪು ಅಂತ ಕೇಳುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 1924ರಿಂದ ಕಡ್ಡಾಯ ಇದೆ, ಸರಿಯಾದ ಕಾರಣ ಕೊಡದವರಿಗೆ 20 ಡಾಲರ್ ದಂಡ. ಗುಜರಾತ್ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅಂಥದ್ದೇ ಕಾನೂನು ತಂದಿತು. 2015ರಲ್ಲಿ ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನನಗಂತೂ ಕಡ್ಡಾಯ ಒಪ್ಪಿಗೆಯಿಲ್ಲ. ನಮ್ಮ ಕಡೆ ದಂಡ ಯಾರ ತಲೆಗೆ ಬೀಳುತ್ತದೆ ನೋಡಿ. 2024ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮತದಾನ ಆದದ್ದು ಮೇ 7ಕ್ಕೆ. ಜೂನ್ 1ಕ್ಕೆ ಮೀನುಗಾರಿಕೆ ಬಂದ್. ಅಷ್ಟರೊಳಗೆ ಸಿಕ್ಕಷ್ಟು ಮೀನು ಹಿಡಿಯಬೇಕು. ಬೋಟ್ ನಡೆಸುವ ತಾಂಡೇಲ ಅದನ್ನು ತಿರುಗಿಸದಿದ್ರೆ ಅದರಲ್ಲಿ ದುಡಿಯುವ ಖಲಾಸಿ ಹೇಗೆ ಬರುತ್ತಾನೆ? ಬರಲು ಮನಸ್ಸಿದ್ದೂ ಬರಲಾಗದವನಿಗೆ ದಂಡ ಹಾಕಬೇಕಾ?

ಈಗ ನಿಮ್ಮ ಮಗನ ವಿಷಯ. ಸ್ವಲ್ಪ ದಿನಕ್ಕೆ ದುಡಿಯಲು ಹೋದವರು ಊರಿನ ವಾಸ ಬಿಟ್ಟಂತಲ್ಲ, 1950ರ ಕಾಯ್ದೆಯೇ ಹಾಗೆ ಹೇಳುತ್ತದೆ. ರತ್ನಾಗಿರಿ ಕಡೆ ಬೋಟಿಗೆ ಹೋಗುವವರ ಹೆಸರು ಊರಲ್ಲೇ ಇರಲಿ. ಆದರೆ ಊರಲ್ಲಿ ಮನೆ ಇದೆ ಅನ್ನೋದೊಂದೇ ಸಾಲದು, ಅದನ್ನೂ ಅದೇ ಕಾಯ್ದೆ ಹೇಳುತ್ತದೆ. ಮಗ ಮಡಗಾಂವದಲ್ಲಿ ಖೋಲಿ ಮಾಡಿಕೊಂಡು ಹೆಂಡತಿ ಮಕ್ಕಳ ಜೊತೆ ವರ್ಷವಿಡೀ ಅಲ್ಲೇ ಇದ್ದರೆ, ಫಾರ್ಮ್ 8 ತುಂಬಿ ಹೆಸರು ಅಲ್ಲಿಗೆ ಹಾಕಿಸಿಕೊಳ್ಳಲಿ. ಎರಡೂ ಕಡೆ ಮಾತ್ರ ಇಟ್ಟುಕೊಳ್ಳಬಾರದು, ಅದು ತಪ್ಪು. ಒಬ್ಬನೇ ಇದ್ದು ಚವತಿಗೆ, ದೀಪಾವಳಿಗೆ ಊರಿಗೆ ಬಂದು ಹೋಗುವವನಾದರೆ ಹೆಸರು ಇಲ್ಲೇ ಇರಲಿ. ಮತದಾನದ ದಿನ ಪಗಾರ ಕಡಿಯದೆ ರಜೆ ಕೊಡಬೇಕು ಅಂತ ಕಾನೂನಿದೆ. ಮಾಲೀಕರ ಹತ್ತಿರ ಧೈರ್ಯವಾಗಿ ಕೇಳಲಿ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಬೇಕು. ಇದೇ ಮದುವೆ ಪಂಕ್ತಿಯಲ್ಲಿ "ಓದಿದವರಿಗೆ ಮಾತ್ರ ವೋಟಿನ ಹಕ್ಕು ಕೊಡಬೇಕಿತ್ತು" ಅನ್ನುವವರೂ ಸಿಗುತ್ತಾರೆ. ಬ್ರಿಟಿಷರ ಕಾಲದಲ್ಲಿ ಹಾಗೇ ಇತ್ತು. ಆಸ್ತಿ, ತೆರಿಗೆ, ಓದು ನೋಡಿ ವೋಟಿನ ಹಕ್ಕು ಕೊಡುತ್ತಿದ್ದರು. ಈಗಲೂ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ವೋಟ್ ಹಾಕುವವರು ಪದವೀಧರರೇ. ನಮ್ಮ ಜಿಲ್ಲೆ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿದೆ. ಅಲ್ಲಿ ಅಭ್ಯರ್ಥಿಯ ಎದುರು 1, 2 ಅಂತ ಅಂಕಿ ಬರೆಯಬೇಕು. ಅಂಕಿ ಬಿಟ್ಟು ಟಿಕ್ ಹಾಕಿ ವೋಟ್ ಕೆಡಿಸಿಕೊಳ್ಳುವ ಪದವೀಧರರೂ ಇದ್ದಾರೆ.

ಒಮ್ಮೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹಾಲಕ್ಕಿ ಸಮುದಾಯದ ಒಬ್ಬ ಅಜ್ಜಿ ಬಂದರು. ಕೊರಳ ತುಂಬ ಮಣಿಸರ. ಸೀರೆ ಸೆರಗಿನ ಗಂಟು ಬಿಚ್ಚಿ ವೋಟಿನ ಚೀಟಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಮಡಚಿ ಮಡಚಿ ಬೆರಳಿನ ಉಗುರಿನಷ್ಟು ಮಾಡಿದ್ದರು. ನಾನು ಗೆರೆ ಎಳೆದೆ, ಟಿಕ್ ಹಾಕಿದೆ. ಅಜ್ಜಿ ಅಲ್ಲೇ ನಿಂತರು. "ನನ್ನ ಮಗಂದೂ ಇದೆಯಾ ನೋಡಿ ಅಕ್ಕೋರೇ, ಅವ ಬೋಟಿಗೆ ಹೋಗಿದ್ದಾನೆ" ಅಂದರು. ಇತ್ತು, ಅವರದ್ದರ ಕೆಳಗೇ. ಬೆರಳಿಟ್ಟು ತೋರಿಸಿದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬಗ್ಗಿ ಆ ಸಾಲನ್ನು ನೋಡಿದರು, ಆಮೇಲೆ ಶಾಯಿ ಹಾಕಿಸಿಕೊಳ್ಳಲು ಎಡಗೈ ಮುಂದೆ ಮಾಡಿಕೊಂಡು ಪಕ್ಕದ ಮೇಜಿಗೆ ಹೋದರು.